ಎಡಗಡೆಯ ಸರಸರ

ಆಡಿಯೋ ಪ್ರದರ್ಶನ ಮರುದಿನ ಬೆಳಿಗ್ಗೆಯೇ ಶುರುವಾಗುವುದಿತ್ತು. ತಾನೇ ಕಟ್ಟಿದ ಹೊಸ ವಾಲ್ವ್ ಆಂಪ್ಲಿಫೈಯರಿನಲ್ಲಿ ಕೇಳಿಸಲು ಪ್ರಹ್ಲಾದ ಅಪ್ಪನ ಹಳೆಯ ಕಾವ್ಯವಾಚನದ ಟೇಪನ್ನೇ ಆರಿಸಿಕೊಂಡಿದ್ದ. ಅಪ್ಪ ಹೆಸರಾಂತ ಗಮಕಿ. ಪುಸ್ತಕ ಮುಟ್ಟದೆ ಇಡೀ ಕಾವ್ಯ ಹಾಡಬಲ್ಲವರೆಂದು ಜನ ಕೈಮುಗಿಯುತ್ತಿದ್ದರು. ಟೇಪು ಮುಗಿದ ಮೇಲೆ ಅವರಿಗೆ ಅಲ್ಲೇ ಶಾಲು ಹೊದಿಸುವುದೆಂದೂ ನಿಶ್ಚಯವಾಗಿತ್ತು.

ಆದರೆ ಪ್ರದರ್ಶನದ ಕೋಣೆಯಲ್ಲಿ ಹಿಂದಿನ ಸಂಜೆ ಹಾಕಿ ನೋಡಿದಾಗ ಪ್ರತಿ ಪದ್ಯಕ್ಕೆ ಮುಂಚೆ ಎಡಗಡೆಯ ಸ್ಪೀಕರಿನಲ್ಲಿ ಏನೋ ಸರಸರ ಅನ್ನುತ್ತಿತ್ತು.

"ವಾಲ್ವ್ ಹೋಗಿರಬೇಕು," ಎಂದ ಪ್ರಹ್ಲಾದ ಕಂಗಾಲಾಗಿ. "ನಾಳೆ ಹೀಗೇ ಅಂದ್ರೆ ನನ್ನ ಮಾನ ಹೋಗತ್ತಪ್ಪ."

"ಟೇಪಿಗೂ ನನ್ನ ಹಾಗೆ ವಯಸ್ಸಾಗಿದೆ ಕಣೋ. ಗೊರಕೆ ಹೊಡೀತಿದೆ, ಬಿಡು," ಎಂದು ಎದುರಿನ ಕುರ್ಚಿಯಲ್ಲಿದ್ದ ಅಪ್ಪ ನಕ್ಕರು.

ಅವನು ಬಿಡಲಿಲ್ಲ. ವಾಲ್ವ್ ಬದಲಿಸಿದ, ತಂತಿ ಬದಲಿಸಿದ, ಸ್ಪೀಕರುಗಳನ್ನು ಗೋಡೆಯಿಂದ ಈಚೆಗೆಳೆದು ಕುರ್ಚಿಯ ಕಡೆಗೆ ತುಸು ತಿರುಗಿಸಿದ. ಮತ್ತೆ ಟೇಪು ಹಾಕಿದಾಗ ಅಪ್ಪನ ಕಂಠ ಎದುರಿಗೇ ಬಂದು ಕೂತಂತಿತ್ತು. ಸರಸರ ಮಾತ್ರ ಹೋಗಿರಲಿಲ್ಲ, ಸ್ಪಷ್ಟವಾಗಿತ್ತು. ಅದು ಹೆಂಗಸಿನ ಪಿಸುದನಿ. ಪದ್ಯದ ಮೊದಲ ಮಾತನ್ನು ಅವಳು ಮೆಲ್ಲಗೆ ಎತ್ತಿಕೊಡುತ್ತಿದ್ದಳು. ಅದನ್ನು ಹಿಡಿದುಕೊಂಡು ಅಪ್ಪ ಹಾಡುತ್ತಿದ್ದರು. ಒಂದು ಪದ್ಯಕ್ಕಲ್ಲ, ಎಲ್ಲದಕ್ಕೂ.

ಪ್ರಹ್ಲಾದನ ಕೈ ಗುಂಡಿಯ ಮೇಲೆಯೇ ನಿಂತಿತು.

"ಅಪ್ಪಾ, ಇದು ಅಮ್ಮನ ದನಿ. ಅವಳಿಗೆ ಕಾವ್ಯದ ಗಂಧವೇ ಇಲ್ಲ ಅಂತಿದ್ರಲ್ಲ?"

ಅಪ್ಪ ತಲೆಯೆತ್ತದೆ ಹೇಳಿದರು: "ನಾಳೆಗೆ ಮನೇಲಿರೋ ಹಳೇ ಆಂಪ್ಲಿಫೈಯರನ್ನೇ ತಂದಿಡೋ. ಅದರಲ್ಲಿ ಅವಳು ಕೇಳಿಸಲ್ಲ."