ಜೋಗುಳದ ಒಡೆಯರು

ಮರಿಮಗಳ ತೊಟ್ಟಿಲ ದಿನ ಬಾಳವ್ವ ಹಾಡಿದ ಜೋಗುಳವನ್ನು ಮೊಮ್ಮಗಳು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಾಣುವಂತೆ ಹಾಕಿದ್ದಳು. ಮರುದಿನ ಅದು ಮಾಯವಾಗಿತ್ತು. ಆ ಜಾಗದಲ್ಲಿ, ಈ ಹಾಡು ಒಂದು ಕಂಪನಿಯ ಸ್ವತ್ತು ಎಂಬ ನೋಟಿಸು ಕೂತಿತ್ತು.

ಬಾಳವ್ವನ ಮೈಯೆಲ್ಲ ಉರಿಯಿತು. ಈ ಹಾಡಿಗೆ ಅವಳ ಅವ್ವ ನಿದ್ದೆಹೋಗಿದ್ದಳು, ಅವ್ವನ ಅವ್ವನೂ ನಿದ್ದೆಹೋಗಿದ್ದಳು. ಕಂಪನಿ ಯಾವ ಕೂಸನ್ನು ಹೆತ್ತು ಯಾವ ತೊಟ್ಟಿಲು ತೂಗಿತ್ತೋ! ಹತ್ತು ವರ್ಷದ ಹಿಂದೆ ಆ ಕಂಪನಿಯವರೇ ಬಂದು, ಜಾನಪದ ಉಳಿಸುತ್ತೇವೆಂದು ಶಾಲು ಹೊದಿಸಿ, ಹಾಡನ್ನು ಯಂತ್ರದಲ್ಲಿ ತುಂಬಿಕೊಂಡು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಶಾಲು ಎರಡೇ ಒಗೆತಕ್ಕೆ ಜಾಳಾಗಿತ್ತು.

"ಅವರಿಗೆ ಫೋನ್ ಹಚ್ಚವಾ," ಎಂದಳು ಮೊಮ್ಮಗಳಿಗೆ.

ಅತ್ತಲಿಂದ ಜೇನು ಸುರಿದಂಥ ಹೆಣ್ಣುದನಿ ಬಂತು. "ಹೇಳಿ ಅಮ್ಮ, ಹಾಡು ನಿಮ್ಮದೇ ಅನ್ನೋದಕ್ಕೆ ದಾಖಲೆ ಏನಿದೆ?"

"ದಾಖಲಿ ಅಂದ್ರ ನನ್ನ ಗಂಟಲಾಗ ಐತಿ. ಬೇಕಂದ್ರ ಈಗ ಹಾಡತೇನಿ, ನಿಮ್ಮ ಡಬ್ಬ್ಯಾಗಿನ ಹಾಡಿನ ಜೋಡಿ ತಾಳೆ ಹಾಕಿ ನೋಡ್ರಿ."

"ದಯವಿಟ್ಟು ಹಾಡಿ ಅಮ್ಮ. ಈ ಕರೆ ರೆಕಾರ್ಡ್ ಆಗ್ತಾ ಇದೆ."

ಬಾಳವ್ವ ಕಣ್ಣು ಮುಚ್ಚಿ ಹಾಡಿದಳು. ಒಂದು ನುಡಿಯನ್ನೂ ಬಿಡಲಿಲ್ಲ. ತೊಟ್ಟಿಲ ಕೂಸು ನಿದ್ದೆಹೋಯಿತು.

"ತಾಳೆ ಆತೇನ್ರಿ?" ಬಾಳವ್ವ ಕೇಳಿದಳು.

"ಪೂರ್ತಿ ತಾಳೆ ಆಯ್ತು ಅಮ್ಮ. ನಮ್ಮ ಹಾಡನ್ನ ಅನುಮತಿ ಇಲ್ಲದೆ ನೀವು ಹಾಡಿದ್ದು ಇದು ಎರಡನೇ ಸಲ."