ಬುಸ್ಸೆನ್ನದ ಡಬ್ಬಿ

ಟೆನಿಸ್ ಕೋಚ್ ಚೆಂಡುಗಳ ಹೊಸ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಳ ಎಳೆದರು. "ಇದೂ ಸತ್ತ ಚೆಂಡೇ." ಒಳಗಿನ ಗಾಳಿ ಬುಸ್ಸೆಂದರೆ ಪಂದ್ಯಕ್ಕೆ, ಇಲ್ಲದಿದ್ದರೆ ಅಭ್ಯಾಸದ ಬುಟ್ಟಿಗೆ, ಮೂವತ್ತು ವರ್ಷದಿಂದ ಅವರ ಕಿವಿಯೇ ತಕ್ಕಡಿ. ಈ ವಾರ ಮಾತ್ರ ಒಂದು ಡಬ್ಬಿಯೂ ಉಸಿರೆತ್ತಿಲ್ಲ. ಬುಟ್ಟಿ ತುಂಬಿ ತುಳುಕುತ್ತಿತ್ತು, ಇವತ್ತಿನ ಪಂದ್ಯಕ್ಕೆ ಒಂದು ಚೆಂಡೂ ಇರಲಿಲ್ಲ. ಬುಟ್ಟಿಯ ಸತ್ತ ಚೆಂಡುಗಳು ಎದೆಯೆತ್ತರ ಪುಟಿಯುವುದು ಹೇಗೆ ಎಂಬುದಂತೂ ಅವರಿಗೆ ತಲೆಬುಡ ತಿಳಿಯಲಿಲ್ಲ.

ಅಂಕಣದಲ್ಲಿ ಬೆನ್ನು ತಿರುಗಿಸಿ ನೆಟ್ ಬಿಗಿಯುತ್ತಿದ್ದ ಮಗಳು ಕೇಳಿದಳು: "ಅಷ್ಟು ಜೋರಾಗಿ ಬುಸ್ ಅಂತು, ಮತ್ಯಾಕಪ್ಪಾ ಬುಟ್ಟಿಗೆ ಹಾಕ್ತೀಯ?"

ಕೋಚ್ ಇನ್ನೊಂದು ಡಬ್ಬಿ ಎತ್ತಿಕೊಂಡರು. ಈ ಸಲ ಕಿವಿಗೆ ಹಿಡಿಯಲಿಲ್ಲ; ಮಗಳ ಬೆನ್ನನ್ನೇ ನೋಡುತ್ತಾ ಮುಚ್ಚಳ ಎಳೆದರು.

"ಇದೂ ಬುಸ್ ಅಂತು," ಎಂದಳು ಮಗಳು, ತಿರುಗದೆಯೇ.