ಸಕ್ಕರೆ ಡಬ್ಬಿಯ ಮುಚ್ಚಳ

"ಇದು ಯಾರ ಚಾಳಿ?" ಎಂದರು ದೊಡ್ಡಮ್ಮ.

ಚೂಟಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯದೆ ಒಂದು ಬದಿ ಎರಡು ಬೆರಳಷ್ಟು ಎತ್ತಿ, ಡಬ್ಬಿಯ ಮೇಲೆಯೇ ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು, ಆ ಸಂದಿಯಲ್ಲೇ ಚಮಚ ಇಳಿಸಿದಳು. ಮುಚ್ಚಳ ಮುಚ್ಚಿದ ಮೇಲೆಯೇ ಉಸಿರು ಬಿಟ್ಟಳು.

ದೊಡ್ಡಮ್ಮ ಬಂದು ಆರು ದಿನವಾಗಿತ್ತು. ತೀರಿಕೊಂಡ ತಂಗಿಯ ಮಗಳನ್ನು ತಮ್ಮ ಮನೆಗೆ ಕರೆದೊಯ್ದು ಓದಿಸಬೇಕೆಂದು ನಿಶ್ಚಯಿಸಿಕೊಂಡೇ ಬಂದಿದ್ದರು. ಬಂದಾಗಿನಿಂದ ಹುಡುಗಿಯ ಒಂದೊಂದು ಅಂಗಕ್ಕೂ ವಾರಸುದಾರರನ್ನು ಹುಡುಕುತ್ತಿದ್ದರು. ಸುರುಳಿ ಕೂದಲು ಅವಳ ಅಮ್ಮನದು, ಮೂಗು ಅಜ್ಜಿಯದು, ಮೂಗಿನ ತುದಿಯ ಕೋಪ ಸೋದರಮಾವನದು. ಅಪ್ಪನ ಪಾಲಿಗೆ ಎಡಗಾಲಿನ ಕಿರುಬೆರಳೊಂದನ್ನು ಬಿಟ್ಟುಕೊಟ್ಟಿದ್ದರು. ಅಪ್ಪ ಅದಕ್ಕೂ ತಕರಾರು ತೆಗೆಯದೆ, "ಹೋಗೋದು ಬಿಡೋದು ಚೂಟಿ ಹೇಗಂದ್ರೆ ಹಾಗೆ" ಎಂದು ಜಾರಿಕೊಂಡು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನದ ರೈಲಿಗೆ ಎರಡು ಟಿಕೆಟ್ ಆಗಿತ್ತು. ಚೂಟಿಯ ಬಟ್ಟೆ ತುಂಬಿದ ಪೆಟ್ಟಿಗೆ ಬಾಗಿಲ ಬಳಿ ಕೂತಿತ್ತು. ಹುಡುಗಿ ಮಾತ್ರ ಇನ್ನೂ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

"ಕೇಳಿದ್ದಕ್ಕೆ ಹೇಳೇ. ನಮ್ಮ ಕಡೆ ಡಬ್ಬಿ ತೆಗೆದರೆ ಹಾಗೇ ಬಾಯಿ ಬಿಟ್ಕೊಂಡಿರುತ್ತೆ, ನಮ್ಮ ಥರಾನೇ. ನಿಮ್ಮಪ್ಪನಿಗಂತೂ ಸಕ್ಕರೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ಇದು ಎಲ್ಲಿಂದ ಬಂತು?"

ಒಲೆಯ ಮುಂದಿದ್ದ ಚಿಕ್ಕಮ್ಮ ಮೆಲ್ಲಗೆ ತಿರುಗಿದಳು. ನಾಲ್ಕು ವರ್ಷದ ಹಿಂದೆ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದವಳು. ಆಸ್ಪತ್ರೆಯ ಪರೀಕ್ಷಾಲಯದಲ್ಲಿ ರೋಗಾಣುಗಳನ್ನು ಮುಚ್ಚಳವಿರುವ ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಯಾವುದು ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವುದು ಅವಳ ಕೆಲಸ. ಆರು ದಿನದಿಂದ ಒಂದೇ ಒಂದು ಮಾತನ್ನು ಅಳೆದು ಸುರಿದು, ಆಡದೆಯೇ ಉಳಿಸಿಕೊಂಡಿದ್ದಳು. ಹೆರದವಳು 'ಹುಡುಗಿ ಇಲ್ಲೇ ಇರಲಿ' ಎಂದರೆ, ಯಾವ ಹಕ್ಕಿನಿಂದ ಎಂದು ಕೇಳಿಬಿಟ್ಟರೆ?

"ಅದು ನನ್ನದು ಅಕ್ಕಾ," ಎಂದಳು. "ತಟ್ಟೆಯೊಳಗೆ ಧೂಳು, ಉಸಿರು ಬೀಳಬಾರದು ಅಂತ ನಾವು ಹಾಗೆ ತೆರೀತೀವಿ. ಮನೇಲೂ ಅದೇ ಅಭ್ಯಾಸ ಆಗಿದೆ. ನಾನೇನೂ ಅವಳಿಗೆ ಹೇಳಿಕೊಟ್ಟಿಲ್ಲ."

"ನಿನ್ನದು ಇವಳಿಗೆ ಹೇಗೆ ಬಂತಮ್ಮ? ನೀನೇನು ಹೆತ್ತಿದ್ದೀಯಾ?" ಅಂದ ಮೇಲೆ ಮಾತು ಖಾರವಾಯಿತೆಂದು ದೊಡ್ಡಮ್ಮನಿಗೇ ಅನ್ನಿಸಿರಬೇಕು. "ತಮಾಷೆಗೆ ಅಂದೆ," ಎಂದು ಸೇರಿಸಿದರು.

"ಹೆರಬೇಕಾಗಿಲ್ಲ ದೊಡ್ಡಮ್ಮ," ಎಂದಳು ಚೂಟಿ. "ಚಿಕ್ಕಮ್ಮನ ಲ್ಯಾಬಲ್ಲಿ ಒಂದು ಜಾತಿ ರೋಗಾಣು, ಔಷಧಿಗೆ ಜಗ್ಗದ ಗುಣಾನ ಪಕ್ಕದಲ್ಲಿರೋ ಬೇರೆ ಜಾತಿಗೆ ದಾಟಿಸಿಬಿಡುತ್ತೆ. ವಂಶವಾಹೀನೇ ಕೊಟ್ಟುಬಿಡುತ್ತೆ. ಅವು ಅಮ್ಮ ಮಗಳೂ ಅಲ್ಲ, ಅಕ್ಕ ತಂಗೀನೂ ಅಲ್ಲ. ಬರೀ ಪಕ್ಕದವರು."

"ರೋಗಾಣು ಕಣೇ ಅವು. ಅವಕ್ಕೆಲ್ಲಿಯ ಮಾನ ಮರ್ಯಾದೆ."

"ಅವು ಮಾತ್ರ ಅಲ್ಲ. ಗಿಡಕ್ಕೆ ಹೇನು ಹತ್ತುತ್ತಲ್ಲ, ಅದರಲ್ಲಿ ಒಂದು ಜಾತಿಗೆ ಕೆಂಪು ಬಣ್ಣ ಮಾಡಿಕೊಳ್ಳೋ ಗುಣ ಯಾವ ಕಾಲದಲ್ಲೋ ಬೂಷ್ಟಿನಿಂದ ಬಂದಿದ್ದಂತೆ. ಆಮೇಲೆ ಅದು ಹೇನಿನ ಮನೆ ಆಸ್ತಿ. ಮಕ್ಕಳು ಮರಿಗೆಲ್ಲ ಹೋಯ್ತು."

"ಹೇನಿಗೂ ಬೂಷ್ಟಿಗೂ ಯಾವ ಸೀಮೆ ನೆಂಟಸ್ತಿಕೆ?"

"ದೊಡ್ಡ ಜೀವಿಗಳಲ್ಲಿ ಅಪರೂಪ ಅಕ್ಕಾ," ಎಂದು ಚಿಕ್ಕಮ್ಮ ಎಚ್ಚರದಿಂದ ತಿದ್ದಿದಳು. ನಿಜ ಹೇಳುವಾಗಲೂ ಹೆಚ್ಚು ಹೇಳಿಬಿಟ್ಟೆನೇ ಎಂಬ ಅಂಜಿಕೆ ಅವಳದು. "ಆದರೆ ಹಾಗೆ ದಾಟಿ ಬಂದದ್ದರಿಂದಲೇ ಎಷ್ಟೋ ಜಾತಿಗಳು ಬದಲಾಗಿವೆ, ಉಳಿದಿವೆ."

"ಹಾಗಾದ್ರೆ ನಮ್ಮ ಮನೆ ಗೋಡೆ ಮೇಲೆ ತೂಗುಹಾಕಿರೋ ವಂಶವೃಕ್ಷ ಸುಳ್ಳು ಅನ್ನು."

"ಸುಳ್ಳಲ್ಲ," ಎಂದಳು ಚೂಟಿ. "ಕೊಂಬೆಯಿಂದ ಕೊಂಬೆಗೆ ಅಲ್ಲಲ್ಲಿ ಬಳ್ಳಿ ಹಬ್ಬಿರುತ್ತೆ. ಬರೆಯೋರು ಅದನ್ನ ಬಿಟ್ಟಿರ್ತಾರೆ, ಅಷ್ಟೇ."

"ಎಲ್ಲಾ ಪುಸ್ತಕದ ಬದನೆಕಾಯಿ," ಎಂದು ದೊಡ್ಡಮ್ಮ ತಮ್ಮ ಚಹಾ ಲೋಟದ ಕಡೆ ತಿರುಗಿ, ಸಕ್ಕರೆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೊತ್ತಾಯ್ತು. ಬಾಯಿ ಬಿಟ್ಟು ಹೇಳು ಚೂಟಿ. ಬರ್ತೀಯೋ, ಇಲ್ವೋ?"

ಚಿಕ್ಕಮ್ಮ ಆಗಲೇ ಆರಿಸಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಿದಳು.

"ರಜೆ ಬಂದಾಗೆಲ್ಲ ಬರ್ತೀನಿ ದೊಡ್ಡಮ್ಮ," ಎಂದಳು ಚೂಟಿ. "ಆದ್ರೆ ಇಲ್ಲೇ ಇರ್ತೀನಿ."

ಈಗ ಸಿಡಿಯುತ್ತಾರೆ, ಈಗ ಅಳುತ್ತಾರೆ ಎಂದುಕೊಂಡು ಚಿಕ್ಕಮ್ಮ ಹೆದರುತ್ತಲೇ ಕಣ್ಣೆತ್ತಿದಳು. ದೊಡ್ಡಮ್ಮ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಡಬ್ಬಿಯ ಮುಚ್ಚಳ ಅವರ ಎಡಗೈಯಲ್ಲಿ ಎರಡೇ ಬೆರಳಷ್ಟು ಎದ್ದು ಓರೆಯಾಗಿ ನಿಂತಿತ್ತು, ಚಮಚ ಸಂದಿಯಲ್ಲಿತ್ತು, ಎರಡೂ ಕೆನ್ನೆ ಉಬ್ಬಿದ್ದವು.

ಚೂಟಿ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಳು. ಅವಳು ನೋಡುತ್ತಿದ್ದುದೇನೆಂದು ದೊಡ್ಡಮ್ಮನೂ ನೋಡಿಕೊಂಡರು. ಸಕ್ಕರೆ ಹೊರಗೆ ಬಂತು, ಮುಚ್ಚಳ ಕೂತಿತು, ಆಮೇಲೆ ಉದ್ದಕ್ಕೆ ಉಸಿರು ಬಂತು.

"ಆರೇ ಆರು ದಿನ," ಎಂದರು. ಚಮಚದಿಂದ ಚಹಾ ಕದಡಿದರು. "ನನಗೇ ಹೀಗಾದ್ರೆ, ನಾಲ್ಕು ವರ್ಷ ಇದ್ದೋಳನ್ನ ಕರ್ಕೊಂಡು ಹೋಗಿ ಏನು ಮಾಡ್ಲಿ. ಆ ಪೆಟ್ಟಿಗೆ ಬಿಚ್ಚಮ್ಮ."

ಚಿಕ್ಕಮ್ಮ ಬಾಗಿಲ ಬಳಿ ಹೋಗಿ ನೆಲದ ಮೇಲೆ ಕೂತಳು. ಪೆಟ್ಟಿಗೆಯ ಮುಚ್ಚಳವನ್ನು ಹಿಂದಿನ ಗೋಡೆಗೆ ಬಡಿಯುವಷ್ಟು ಪೂರ್ತಿ ತೆರೆದು ಹಾಗೇ ಬಿಟ್ಟಳು, ಥೇಟ್ ದೊಡ್ಡಮ್ಮನ ಕಡೆಯವರಂತೆ.